ಮುಂಗಾಲೂರಲು ಅಳುಕುವ ಕುದುರೆ: ಲಾಳಕ್ಕೆ ಮೊದಲು ಎಕ್ಸ್‌ರೇ

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ಹಳ್ಳಿ. ಮದುವೆ ಮೆರವಣಿಗೆ, ಜಾತ್ರೆಗೆ ಕಳಿಸುವ 11 ವರ್ಷದ ಹೆಣ್ಣು ಕುದುರೆ ಇದೆ. ಹಲಗೆ ಬಾರಿಸಿದರೆ ಕುಣಿಯುತ್ತದೆ. ಎರಡು ತಿಂಗಳ ಹಿಂದೆ ಒಂದು ಮದುವೆ ಮನೆಯವರು ಉಳಿದ ಅನ್ನ, ಬೂಂದಿ ಎಲ್ಲವನ್ನೂ ಪುಟ್ಟಿಗಟ್ಟಲೆ ತಿನ್ನಿಸಿದ್ದರು. ಮೂರನೇ ದಿನಕ್ಕೆ ಮುಂಗಾಲು ಊರಲು ಅಳುಕತೊಡಗಿತು. ಈಗ ಎರಡೂ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಲ್ಲುತ್ತದೆ. ತಿರುಗಿಸಿದರೆ ಒದ್ದಾಡುತ್ತದೆ, ಬಹಳ ಹೊತ್ತು ಮಲಗಿಯೇ ಇರುತ್ತದೆ. ಗೊರಸಿನ ಮೇಲೆ ಬಳೆಯಂಥ ಗೆರೆಗಳು ಎದ್ದಿವೆ. ಎತ್ತಿಗೆ ಲಾಳ ಕಟ್ಟುವವರು ಅಂಗಾಲು ಕೊರೆದು ಕೆಟ್ಟ ರಕ್ತ ತೆಗೆಯಬೇಕು ಅಂದರು. ಇನ್ನೊಬ್ಬರು ಬರೆ ಹಾಕಿಸಿ ಅಂದರು. ನಡೆಸಿದರೆ ಸಡಿಲಾಗುತ್ತದೆ ಎಂದು ದಿನಾ ರಸ್ತೆಯಲ್ಲಿ ನಡೆಸುತ್ತಿದ್ದೇವೆ. ನೋವಿನ ಇಂಜೆಕ್ಷನ್ ಕೊಟ್ಟ ದಿನ ಚೆನ್ನಾಗಿರುತ್ತದೆ, ಮರುದಿನ ಅದೇ ಸ್ಥಿತಿ. ರೇಸ್ ಕುದುರೆಗಳಿಗೆ ಹಾಕುವ ವಿಶೇಷ ಲಾಳದಿಂದ ಇದು ಗುಣವಾಗುತ್ತದೆಯೇ? ನಮ್ಮ ಕಡೆ ಬರುವ ತಜ್ಞರು ಸಿಗುತ್ತಾರೆಯೇ? ಮುಂದಿನ ಸೀಸನ್ನಿಗೆ ಕಳಿಸಬಹುದೇ?

ಉತ್ತರ: ಉಳಿದದ್ದನ್ನು ಓದುವ ಮೊದಲು ರಸ್ತೆಯಲ್ಲಿ ನಡೆಸುವುದನ್ನು ಇವತ್ತೇ ನಿಲ್ಲಿಸಿ. ನೀವು ಬರೆದ ಲಕ್ಷಣಗಳೆಲ್ಲ ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಪದರಗಳ ಉರಿಯೂತದ ಕಡೆಗೇ ಬೊಟ್ಟು ಮಾಡುತ್ತಿವೆ. ಈ ರೋಗದಲ್ಲಿ ಪ್ರತಿ ಹೆಜ್ಜೆಯೂ ಗೊರಸಿನೊಳಗಿನ ಗಾಯವನ್ನು ಇನ್ನಷ್ಟು ಹರಿಯುತ್ತದೆ. ಸ್ನಾಯು ಹಿಡಿದುಕೊಂಡಿದ್ದರೆ ನಡೆದಾಗ ಸಡಿಲಾಗುತ್ತದೆ, ನಿಜ. ಇಲ್ಲಿ ಹಿಡಿದುಕೊಂಡಿರುವುದು ಸ್ನಾಯುವಲ್ಲ.

ಕುದುರೆಯ ಗೊರಸು ಬರೀ ಉಗುರಿನ ಡಬ್ಬಿಯಲ್ಲ. ಅದರೊಳಗೆ ಗೊರಸಿನದೇ ಆಕಾರದ ಒಂದು ಮೂಳೆ ಇದೆ, ಪೆಡಲ್ ಬೋನ್ ಎನ್ನುತ್ತಾರೆ. ಆ ಮೂಳೆ ಅಂಗಾಲಿನ ಮೇಲೆ ಕೂತಿರುವುದಿಲ್ಲ, ಗೊರಸಿನ ಗೋಡೆಗೆ ಒಳಗಿನಿಂದ ತೂಗುಬಿದ್ದಿರುತ್ತದೆ. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ಸೇರಿಸಿದಂತೆ, ಮೂಳೆಯ ಕಡೆಯ ಸುಮಾರು 600 ಪದರಗಳು ಗೋಡೆಯ ಕಡೆಯ ಅಷ್ಟೇ ಪದರಗಳೊಳಗೆ ಹೆಣೆದುಕೊಂಡಿರುತ್ತವೆ. ಈ ಪದರಗಳೇ ಲ್ಯಾಮಿನಾ. ಕುದುರೆಯ ಮೈಭಾರ ನಿಂತಿರುವುದು ಈ ಹೆಣಿಗೆಯ ಮೇಲೆ. ಹೆಣಿಗೆ ಬಿಚ್ಚಿದರೆ ಎರಡು ಬಲಗಳು ಮೂಳೆಯನ್ನು ಕೆಳಕ್ಕೆ ತರುತ್ತವೆ: ಮೇಲಿನಿಂದ ಮೈಭಾರ, ಹಿಂದಿನಿಂದ ಮೂಳೆಯ ತಳಕ್ಕೆ ಅಂಟಿರುವ ದಪ್ಪ ಸ್ನಾಯುರಜ್ಜುವಿನ ಎಳೆತ. ಮೂಳೆಯ ಮೂತಿ ಅಂಗಾಲಿನ ಕಡೆ ವಾಲುತ್ತದೆ, ಕೆಲವೊಮ್ಮೆ ಇಡೀ ಮೂಳೆಯೇ ಕುಸಿಯುತ್ತದೆ. ನೋವು ಗೊರಸಿನ ಮುಂಭಾಗದಲ್ಲಿ ಇರುವುದರಿಂದಲೇ ನಿಮ್ಮ ಕುದುರೆ ಭಾರವನ್ನು ಹಿಮ್ಮಡಿಗೂ ಹಿಂಗಾಲಿಗೂ ದಾಟಿಸಿ ನಿಂತಿದೆ.

ಅನ್ನ, ಬೂಂದಿಯಿಂದ ಕಾಲಿಗೇಕೆ ನೋವು ಎಂದು ಬಹಳ ಜನ ಕೇಳುತ್ತಾರೆ. ಕುದುರೆಯ ಹೊಟ್ಟೆ ಚಿಕ್ಕದು, ಹಿಂಗರುಳು ದೊಡ್ಡದು. ಒಮ್ಮೆಲೇ ರಾಶಿ ಪಿಷ್ಟ ತಿಂದರೆ ಸಣ್ಣ ಕರುಳು ಅದನ್ನು ಅರಗಿಸಲಾರದೆ ಹಿಂಗರುಳಿಗೆ ದಾಟಿಸುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಕರುಳಿನ ಒಳಪೊರೆ ಕೆಡುತ್ತದೆ, ವಿಷಾಂಶಗಳು ರಕ್ತ ಸೇರಿ ಲ್ಯಾಮಿನಾ ಪದರಗಳ ಹಿಡಿತ ಸಡಿಲಿಸುತ್ತವೆ. ಇದಕ್ಕೆಲ್ಲ ಒಂದರಿಂದ ಮೂರು ದಿನ ಹಿಡಿಯುತ್ತದೆ. ನಿಮ್ಮ ಮೂರನೇ ದಿನದ ಲೆಕ್ಕ ಇದಕ್ಕೆ ಸರಿಯಾಗಿಯೇ ಕೂರುತ್ತದೆ.

ಆದರೂ ಮದುವೆ ಮನೆಯವರ ಮೇಲೆ ಪೂರ್ತಿ ತಪ್ಪು ಹೊರಿಸುವ ಮೊದಲು ಒಂದು ಸ್ಕೇಲು ತನ್ನಿ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ, ಬೆಳೆಯುವುದು ಮೇಲಿನ ಕೂದಲಂಚಿನಿಂದ ಕೆಳಕ್ಕೆ. ಅಂದಮೇಲೆ ಎರಡು ತಿಂಗಳ ಹಿಂದಿನ ಪೆಟ್ಟಿನ ಬಳೆ ಇವತ್ತು ಕೂದಲಂಚಿನಿಂದ ಒಂದೂಕಾಲರಿಂದ ಎರಡು ಸೆಂಟಿಮೀಟರ್ ಕೆಳಗೆ ಇರಬೇಕು. ಅದಕ್ಕೂ ಕೆಳಗೆ, ಗೋಡೆಯ ಮಧ್ಯದಲ್ಲಿ ಅಥವಾ ನೆಲದ ಹತ್ತಿರ ಇನ್ನಷ್ಟು ಬಳೆಗಳಿದ್ದರೆ ರೋಗ ಮದುವೆಗಿಂತ ಹಳೆಯದು. ಬಳೆಗಳ ಅಂತರವನ್ನೂ ನೋಡಿ. ಮುಂದೆಯೂ ಹಿಮ್ಮಡಿಯಲ್ಲೂ ಒಂದೇ ಅಂತರವಿದ್ದರೆ ಅದು ಮೇವು ಬದಲಾದದ್ದರ ಅಥವಾ ಎಂದೋ ಬಂದ ಜ್ವರದ ಗುರುತು. ಗೊರಸಿನ ಮೂತಿಯಲ್ಲಿ, ಅಂದರೆ ಮುಂತುದಿಯಲ್ಲಿ, ಒತ್ತಾಗಿದ್ದು ಹಿಮ್ಮಡಿಯ ಕಡೆ ಅಗಲವಾಗುತ್ತ ಹೋದರೆ ಲ್ಯಾಮಿನೈಟಿಸ್. ಹಳೆಯ ಬಳೆಗಳು ಕಂಡರೆ ಕುದುರೆಯ ಕತ್ತಿನ ಮೇಲಂಚು ಕೈಯಲ್ಲಿ ಹಿಡಿದು ನೋಡಿ. ಅಲ್ಲಿ ಗಟ್ಟಿ ಕೊಬ್ಬು ಕೂತಿದ್ದರೆ ರಕ್ತದಲ್ಲಿ ಇನ್ಸುಲಿನ್ ಏರಿರುವ ಸಾಧ್ಯತೆ ಹೆಚ್ಚು. ದಿನಾ ಬೆಲ್ಲ, ನುಚ್ಚು, ಮೆಕ್ಕೆಜೋಳ ತಿಂದು ಕೆಲಸವಿಲ್ಲದೆ ಕಟ್ಟಿಹಾಕಿದ ಕುದುರೆಗಳಲ್ಲಿ ಇದು ಬರುತ್ತದೆ, ಆ ಇನ್ಸುಲಿನ್ ಒಂದೇ ಲ್ಯಾಮಿನಾ ಕೆಡಿಸಲು ಸಾಕು. ಹಾಗಿದ್ದರೆ ಬೂಂದಿ ಕೊನೆಯ ಪೆಟ್ಟು ಮಾತ್ರ, ದಿನದ ಮೇವು ಬದಲಾಗದೆ ಎಂಥ ಲಾಳವೂ ಉಪಯೋಗಕ್ಕೆ ಬರುವುದಿಲ್ಲ. ಡಾಂಬರು ರಸ್ತೆಯ ಮೇಲೆ ಗಂಟೆಗಟ್ಟಲೆ ಕುಣಿತ ಈಗಾಗಲೇ ಸಡಿಲಾದ ಹೆಣಿಗೆಯನ್ನು ಜಾಡಿಸುತ್ತದೆ, ಆ ಪಾಲನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾಲುನೋವೆಲ್ಲ ಲ್ಯಾಮಿನೈಟಿಸ್ ಅಲ್ಲ. ಒಂದೇ ಕಾಲು, ರಾತ್ರಿ ಬೆಳಗಾಗುವುದರೊಳಗೆ ಮೂಳೆ ಮುರಿದಂತೆ ಕುಂಟುತ್ತಿದ್ದರೆ ಗೊರಸಿನೊಳಗೆ ಕೀವು ಕಟ್ಟಿದೆ ಎಂದು ಮೊದಲು ಅನುಮಾನಿಸಬೇಕು. ಲಾಳ ಹೊಡೆಸಿದ ಒಂದೆರಡು ದಿನದಲ್ಲಿ ಕುಂಟಿದರೆ ಮೊಳೆ ಜೀವವಿರುವ ಭಾಗಕ್ಕೆ ತಾಗಿದೆ. ಕುಷ್ಟಗಿ, ಯಲಬುರ್ಗಾ ಕಡೆಯ ಕಲ್ಲುನೆಲದಲ್ಲಿ ಅಂಗಾಲಿಗೆ ಕಲ್ಲೇಟು ಸಾಮಾನ್ಯ. ನಿಮ್ಮ ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ ಹಸಿ ಸಗಣಿ, ಕೆಸರಿನಲ್ಲಿ ನಿಂತು ಅಂಗಾಲ ನಡುವಿನ ಮೆತ್ತನೆಯ ತ್ರಿಕೋನ, ಅಂದರೆ ಕುದುರೆಗೆ ಲಾಳ ಹೊಡೆಯುವ ನಾಲಬಂದರು ಪುತಲಿ ಎನ್ನುವ ಭಾಗ, ಕೊಳೆತು ಕಪ್ಪಗೆ ನಾರುತ್ತದೆ. ಇವನ್ನು ಬೇರ್ಪಡಿಸಲು ಗೊರಸು ಒತ್ತುವ ಇಕ್ಕಳ ಬೇಕು. ಒಂದೇ ಚುಕ್ಕೆಯಲ್ಲಿ ಒತ್ತಿದಾಗ ಕಾಲು ಕಿತ್ತರೆ ಕೀವು ಅಥವಾ ಮೊಳೆ. ಪುತಲಿಯ ತುದಿಯ ಮುಂದೆ, ಎರಡೂ ಕಾಲಲ್ಲಿ, ಅಗಲವಾಗಿ ನೋವಿದ್ದರೆ ಲ್ಯಾಮಿನೈಟಿಸ್. ಇಕ್ಕಳವಿಲ್ಲದೆ ನೀವೇ ನೋಡಬಹುದಾದದ್ದು ನಾಡಿ. ಗೊರಸಿನ ಮೇಲಿನ ಗಂಟಿನ ಹಿಂಬದಿಯಲ್ಲಿ, ಒಳ ಮತ್ತು ಹೊರ ಪಕ್ಕಗಳಲ್ಲಿ, ಎರಡು ಬೆರಳು ಹಗುರಾಗಿ ಇಡಿ. ಆರೋಗ್ಯದ ಕುದುರೆಯಲ್ಲಿ ಅಲ್ಲಿನ ನಾಡಿ ಹುಡುಕಿದರೂ ಸಿಗದಷ್ಟು ಮೆಲ್ಲಗಿರುತ್ತದೆ. ಬೆರಳಿಗೆ ಕುಟ್ಟಿದಂತೆ ಬಡಿದರೆ ಗೊರಸಿನೊಳಗೆ ಉರಿಯೂತ ಇನ್ನೂ ನಡೆಯುತ್ತಿದೆ. ಬೆಳಿಗ್ಗೆ ನೆರಳಲ್ಲಿ ನೋಡಿ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಎಲ್ಲ ಕುದುರೆಯ ಗೊರಸೂ ಬಿಸಿ.

ಊರವರು ಹೇಳಿದ ಉಪಾಯಗಳ ಬಗ್ಗೆ. ಅಂಗಾಲು ಕೊರೆದು ರಕ್ತ ತೆಗೆಯುವುದು ಇಲ್ಲಿ ಅತ್ಯಂತ ಅಪಾಯದ ಕೆಲಸ. ಒಳ್ಳೆಯ ಗೊರಸಿನಲ್ಲಿ ಅಂಗಾಲು ಕನಿಷ್ಠ 15 ಮಿಲಿಮೀಟರ್ ದಪ್ಪವಿರಬೇಕು. ಮೂಳೆ ವಾಲಿದ ಕುದುರೆಯಲ್ಲಿ ಅದು ಅರ್ಧಕ್ಕೆ ಇಳಿದಿರಬಹುದು. ಮೂಳೆಗೂ ನೆಲಕ್ಕೂ ನಡುವೆ ಉಳಿದಿರುವ ಆ ಒಂದು ಹಲಗೆಯನ್ನೂ ಕೆತ್ತಿಹಾಕಿದರೆ ಸೋಂಕು ನೇರವಾಗಿ ಮೂಳೆಗೆ ಇಳಿಯುತ್ತದೆ. ಬಂದ ರಕ್ತ ಕೆಟ್ಟ ರಕ್ತವಲ್ಲ, ಜೀವಂತ ಅಂಗಾಲಿನದು. ಬರೆ ಹಾಕಿದರೆ ಗೊರಸಿನ ನೋವಿನ ಜೊತೆ ಚರ್ಮದ ಸುಟ್ಟಗಾಯ ಸೇರುತ್ತದೆ, ಒಳಗಿನ ಹೆಣಿಗೆಗೆ ಅದರಿಂದ ಏನೂ ತಲುಪುವುದಿಲ್ಲ. ಗಾಯಕ್ಕೆ ಸಗಣಿ ಮೆತ್ತುವುದೂ ಬೇಡ. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ಬೇರೆ ಇಲ್ಲ, ಅದರ ರೋಗಾಣು ಲದ್ದಿ, ಸಗಣಿ, ಮಣ್ಣಿನಲ್ಲೇ ಇರುತ್ತದೆ. ಟೆಟನಸ್ ಲಸಿಕೆ ಯಾವಾಗ ಹಾಕಿಸಿದ್ದು ಎಂದು ನೆನಪಿಲ್ಲದಿದ್ದರೆ ಈಗಲೇ ಹಾಕಿಸಿ.

ಎತ್ತಿಗೆ ಲಾಳ ಕಟ್ಟುವವರ ಕೌಶಲ್ಯವನ್ನು ಕಡೆಗಣಿಸುತ್ತಿಲ್ಲ. ಆದರೆ ಎತ್ತಿನದು ಸೀಳುಗೊರಸು. ಕೆಡವಿ, ಕಾಲು ಕಟ್ಟಿ, ಒಂದೊಂದು ಸೀಳಿಗೂ ತೆಳು ತಗಡು ಹೊಡೆಯುತ್ತಾರೆ. ಕುದುರೆಯ ಗೊರಸನ್ನು ನಿಂತ ಸ್ಥಿತಿಯಲ್ಲಿ, ಕಾಲಿನ ಇಡೀ ನೇರ ನೋಡಿಕೊಂಡು ಕತ್ತರಿಸಬೇಕು. ಕೆಡವಿದ ಕುದುರೆಯಲ್ಲಿ ಆ ನೇರ ಕಾಣುವುದೇ ಇಲ್ಲ.

ನೋವಿನ ಇಂಜೆಕ್ಷನ್ ವಿಷಯದಲ್ಲಿ ಎಚ್ಚರ ಇರಲಿ. ನೋವು ತಗ್ಗಿಸುವುದು ಚಿಕಿತ್ಸೆಯ ಭಾಗವೇ, ಅದನ್ನು ತಪ್ಪಿಸಬಾರದು. ಆದರೆ ನೋವಿಲ್ಲದ ದಿನ ಹೆಚ್ಚು ನಡೆಸಿದರೆ ಮರುದಿನ ಮೂಳೆ ಇನ್ನೊಂದಿಷ್ಟು ವಾಲಿರುತ್ತದೆ. ಫಿನೈಲ್‌ಬ್ಯುಟಜೋನ್, ಫ್ಲುನಿಕ್ಸಿನ್, ಮೆಲೊಕ್ಸಿಕಾಮ್ ಇವುಗಳಲ್ಲಿ ಯಾವುದಾದರೂ ಒಂದು ಮಾತ್ರ, ವೈದ್ಯರು ತೂಕ ನೋಡಿ ಬರೆದಷ್ಟೇ. ಎರಡು ಸೇರಿಸಿ ಕೊಟ್ಟರೆ ಜಠರದಲ್ಲಿ ಹುಣ್ಣಾಗಿ ಮೂತ್ರಪಿಂಡ ಕೆಡುತ್ತದೆ. ಡೈಕ್ಲೊಫೆನಾಕ್ ಅನ್ನು 2006ರಿಂದಲೇ ಪ್ರಾಣಿಗಳಿಗೆ ನಿಷೇಧಿಸಲಾಗಿದೆ, ಮೆಡಿಕಲ್ ಅಂಗಡಿಯಿಂದ ಮನುಷ್ಯರ ಬಾಟಲಿ ತಂದು ಹಾಕಬೇಡಿ. ಡೆಕ್ಸಾಮೆಥಜೋನ್‌ನಂಥ ಸ್ಟಿರಾಯ್ಡ್ ಲ್ಯಾಮಿನೈಟಿಸ್ ಅನ್ನು ಹೆಚ್ಚಿಸಬಲ್ಲದು, ಈವರೆಗೆ ಹಾಕಿದ ಇಂಜೆಕ್ಷನ್‌ನ ಹೆಸರು ಚೀಟಿಯಲ್ಲಿ ನೋಡಿ ವೈದ್ಯರಿಗೆ ತಿಳಿಸಿ. ತೂಕ ಅಂದಾಜಿಸಲು ಟೇಪು ಸಾಕು: ಮುಂಗಾಲ ಹಿಂದಿನ ಎದೆಸುತ್ತನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಅಳತೆ ಸೆಂಟಿಮೀಟರಿನಲ್ಲಿರಲಿ, ಉತ್ತರ ಕಿಲೋದಲ್ಲಿ ಬರುತ್ತದೆ. ಸುತ್ತು 160, ಉದ್ದ 160 ಇದ್ದರೆ ಸುಮಾರು 345 ಕಿಲೋ.

ತಜ್ಞರು ಬರುವವರೆಗೆ ನಿಮ್ಮ ಕೈಯಲ್ಲಿರುವುದು ನೆಲ, ಗೊರಸಿನ ಆಸರೆ ಮತ್ತು ಮೇವು. ಇವೇ ಅರ್ಧ ಚಿಕಿತ್ಸೆ.

ನೆಲಕ್ಕೆ ನೆರಳಲ್ಲಿ 15ರಿಂದ 20 ಸೆಂಟಿಮೀಟರ್ ಮೆತ್ತೆ ಹಾಕಿ. ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟಿಗೆ ಕೊರತೆಯಿಲ್ಲ. ಮರಳು ಇನ್ನೂ ಒಳ್ಳೆಯದು, ಅಂಗಾಲಿನ ಕುಳಿ ತುಂಬಿ ಆಸರೆ ಕೊಡುತ್ತದೆ. ಮರಳಾದರೆ ಮೇವನ್ನು ಗ್ವಾದಲಿಯಲ್ಲೇ ಹಾಕಿ, ನೆಲದ ಮೇಲೆ ಹಾಕಿದರೆ ಮರಳು ತಿಂದು ಹೊಟ್ಟೆನೋವು ಬರುತ್ತದೆ. ಒದ್ದೆಯಾದದ್ದನ್ನು ದಿನಾ ತೆಗೆಯಿರಿ. ಕುದುರೆ ಮಲಗಿದರೆ ಎಬ್ಬಿಸಬೇಡಿ, ಮಲಗಿದಷ್ಟು ಹೊತ್ತು ಹೆಣಿಗೆಗೆ ಭಾರ ತಪ್ಪುತ್ತದೆ. ನೀರು, ಮೇವು ಅದರ ಬಾಯಿಗೆ ಹತ್ತಿರವಿರಲಿ.

ಆಸರೆಗೆ ಚಪ್ಪಲಿ ಸಾಮಾನು ಮಾರುವ ಅಂಗಡಿಯಿಂದ 20ರಿಂದ 25 ಮಿಲಿಮೀಟರ್ ದಪ್ಪದ ಇವಿಎ ಶೀಟ್ (ಚಪ್ಪಲಿ ಅಟ್ಟೆಗೆ ಬಳಸುವ ಮೆತ್ತನೆ ಹಾಳೆ) ತನ್ನಿ. ಪ್ಯಾಕಿಂಗಿನ ಥರ್ಮೋಕೋಲ್ ಒಂದು ಗಂಟೆಯಲ್ಲಿ ಪುಡಿಯಾಗುತ್ತದೆ, ಬೇಡ. ಗೊರಸನ್ನು ಕೆರೆದು ಒಣಗಿಸಿ, ಅದರ ಆಕಾರಕ್ಕೆ ಶೀಟ್ ಕತ್ತರಿಸಿ ಡಕ್ಟ್ ಟೇಪಿನಿಂದ ಸುತ್ತಿ. ಶೀಟಿನ ಮುಂದಂಚನ್ನು ಇಳಿಜಾರಾಗಿ ಕತ್ತರಿಸಿದರೆ ಹೆಜ್ಜೆ ಎತ್ತುವಾಗ ಮೂತಿಯ ಮೇಲೆ ಎಳೆತ ಕಡಿಮೆ. ಟೇಪು ಕೂದಲಂಚಿನ ಮೇಲೆ ಹೋಗಬಾರದು, ಅಲ್ಲಿ ಬಿಗಿದರೆ ಹೊಸ ಗೊರಸು ಹುಟ್ಟುವ ಜಾಗಕ್ಕೇ ರಕ್ತ ನಿಲ್ಲುತ್ತದೆ. ದಿನ ಬಿಟ್ಟು ದಿನ ಬಿಚ್ಚಿ ನೋಡಿ. ಕಟ್ಟಿದ ಹತ್ತು ನಿಮಿಷದಲ್ಲಿ ಕುದುರೆ ಹಗುರಾಗಬೇಕು. ಹೆಚ್ಚು ಅಳುಕಿದರೆ ತೆಗೆದುಬಿಡಿ. ಐಸ್ ನೀರಿನಲ್ಲಿ ಕಾಲಿಡಿಸುವ ಮಾತನ್ನೂ ಕೇಳಿರಬಹುದು. ಅತಿಯಾಗಿ ತಿಂದ ಕೂಡಲೇ, ಮೊದಲ 48ರಿಂದ 72 ಗಂಟೆ ಮೊಣಕಾಲ ಕೆಳಗಿನವರೆಗೆ ಬಿಡದೆ ಐಸಿನಲ್ಲಿಟ್ಟರೆ ಅದು ನಿಜವಾಗಿಯೂ ಗೊರಸು ಉಳಿಸುತ್ತದೆ. ಎರಡು ತಿಂಗಳ ಮೇಲೆ ಅದರಿಂದ ಫಲವಿಲ್ಲ. ಇನ್ನೊಮ್ಮೆ ಹೀಗೆ ತಿಂದರೆ ಕುಂಟುವವರೆಗೆ ಕಾಯದೆ ಅವತ್ತೇ ವೈದ್ಯರನ್ನು ಕರೆಸಿ, ಐಸಿನಲ್ಲಿ ನಿಲ್ಲಿಸಿ.

ಮೇವಿನಲ್ಲಿ ಬೆಲ್ಲ, ಅಕ್ಕಿನುಚ್ಚು, ತವುಡು, ಜೋಳ, ಮೆಕ್ಕೆಜೋಳ, ಕಬ್ಬಿನ ಸೋಗೆ ಪೂರ್ತಿ ಬಂದ್. ಹುರುಳಿಯೂ ಸದ್ಯಕ್ಕೆ ಬೇಡ. ಖನಿಜ ಮಿಶ್ರಣ, ಉಪ್ಪು ಕಲಸಲು ಒಂದು ಹಿಡಿ ನೆನೆಸಿದ ಕಡಲೆ ಹೊಟ್ಟು ಸಾಕು. ಮುಖ್ಯ ಮೇವು ಒಣ ಕರಡ, ದಿನಕ್ಕೆ ಮೈತೂಕದ ಶೇ 1.5ರಷ್ಟು. 350 ಕಿಲೋ ಕುದುರೆಗೆ ಐದರಿಂದ ಆರು ಕಿಲೋ, ನಾಲ್ಕು ಪಾಲು ಮಾಡಿ. ತಣ್ಣೀರಿನಲ್ಲಿ ಅರ್ಧದಿಂದ ಒಂದು ಗಂಟೆ ನೆನೆಸಿ, ಆ ನೀರು ಚೆಲ್ಲಿ ಕೊಟ್ಟರೆ ಸಕ್ಕರೆಯ ಅಂಶ ಇಳಿಯುತ್ತದೆ. ನಮ್ಮ ಬಿಸಿಲಿಗೆ ಇನ್ನೂ ಹೆಚ್ಚು ಹೊತ್ತು ಬಿಟ್ಟರೆ ಹುಳಿಯುತ್ತದೆ. ಸಿಹಿ ಕಣಿಕೆಯಲ್ಲಿ ಸಕ್ಕರೆ ಇರುತ್ತದೆ, ಎಳೆ ಹಸಿ ಜೋಳದಲ್ಲಿ ವಿಷಾಂಶವೂ ಇರುತ್ತದೆ. ಬರೀ ಭತ್ತದ ಹುಲ್ಲಿನ ಮೇಲೆ ಇಟ್ಟರೆ ಕರುಳು ಕಟ್ಟಿಕೊಳ್ಳಬಹುದು. ಹಾಗೆಂದು ಕುದುರೆಯನ್ನು ಉಪವಾಸ ಕೆಡವಬೇಡಿ. ಕೊಬ್ಬಿದ ಕುದುರೆ ದಿಢೀರ್ ಉಪವಾಸ ಬಿದ್ದರೆ ಮೈಕೊಬ್ಬು ಕರಗಿ ರಕ್ತ ಸೇರಿ ಯಕೃತ್ತನ್ನು ಕೆಡಿಸುತ್ತದೆ, ಅದರಿಂದ ಸಾವೂ ಬರುತ್ತದೆ.

ಇನ್ನು ತಜ್ಞರ ಮಾತು. ನಿಮಗೆ ಬೇಕಿರುವುದು ಇಬ್ಬರು: ಎಕ್ಸ್‌ರೇ ಓದುವ ಪಶುವೈದ್ಯರು, ಅದನ್ನು ನೋಡಿ ಗೊರಸು ಕತ್ತರಿಸುವ ನಾಲಬಂದ. ಒಬ್ಬರು ಬಂದು ಹೋದ ಮೇಲೆ ಇನ್ನೊಬ್ಬರು ಬಂದರೆ ಕೆಲಸ ಕೆಡುತ್ತದೆ. ಇಬ್ಬರೂ ಒಂದೇ ದಿನ ಒಂದೇ ಗೊರಸಿನ ಮುಂದೆ ಕೂರುವಂತೆ ಮಾಡಿ.

ಮೊದಲು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಅಥವಾ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಜಿಲ್ಲಾ ಪಾಲಿಕ್ಲಿನಿಕ್‌ಗೆ ಮತ್ತು ಗದಗದ ಪಶುವೈದ್ಯಕೀಯ ಕಾಲೇಜಿಗೆ ಚೀಟಿ ಕೇಳಿ. ಕೊಪ್ಪಳದಿಂದ ಗದಗ ಸುಮಾರು 60 ಕಿಲೋಮೀಟರ್. ಬೀದರಿನ ಕಾಲೇಜು, ಬೆಂಗಳೂರಿನ ಹೆಬ್ಬಾಳ ದೂರದವು. ಕುದುರೆಯನ್ನು ಲಾರಿಯಲ್ಲಿ ನಿಲ್ಲಿಸಿ ಒಯ್ಯುವುದಕ್ಕಿಂತ ಎಕ್ಸ್‌ರೇ ಯಂತ್ರವನ್ನೇ ಕುದುರೆಯ ಹತ್ತಿರ ತರುವುದು ಮೇಲು. ಗೊರಸಿನ ಎಕ್ಸ್‌ರೇಗೆ ದೊಡ್ಡ ಯಂತ್ರ ಬೇಡ, ಒಯ್ಯಬಹುದಾದ ಸಣ್ಣ ಯಂತ್ರ ಸಾಕು. ಹಾಗೆ ತೆಗೆಸುವಾಗ ಲಾಳ ಬಿಚ್ಚಿಸಿ, ಎರಡೂ ಮುಂಗಾಲನ್ನು ಒಂದೇ ಎತ್ತರದ ಮರದ ದಿಮ್ಮಿಗಳ ಮೇಲೆ ಸಮ ಭಾರದಲ್ಲಿ ನಿಲ್ಲಿಸಿ. ಗೊರಸಿನ ಮುಂಗೋಡೆಗೆ ಕೂದಲಂಚಿನಿಂದ ಕೆಳಕ್ಕೆ ಒಂದು ತಂತಿ ಅಂಟಿಸಿ, ಪುತಲಿಯ ತುದಿಗೆ ಒಂದು ಡ್ರಾಯಿಂಗ್ ಪಿನ್ ಚುಚ್ಚಿ. ನೇರ ಪಕ್ಕದಿಂದ, ಅಂಗಾಲ ಮಟ್ಟದಲ್ಲಿ ಚಿತ್ರ ತೆಗೆಯಬೇಕು. ಆಗ ಮೂಳೆ ಗೋಡೆಯಿಂದ ಎಷ್ಟು ವಾಲಿದೆ, ಎಷ್ಟು ಕುಸಿದಿದೆ, ಅಂಗಾಲು ಎಷ್ಟು ಮಿಲಿಮೀಟರ್ ಉಳಿದಿದೆ ಎಂಬ ಮೂರೂ ಸಿಗುತ್ತವೆ. ತಂತಿ, ಪಿನ್ ಇಲ್ಲದ ಚಿತ್ರದಿಂದ ನಾಲಬಂದನಿಗೆ ಎಲ್ಲಿ ಎಷ್ಟು ತೆಗೆಯಬೇಕೆಂದು ತಿಳಿಯುವುದಿಲ್ಲ.

ಪಳಗಿದ ನಾಲಬಂದರು ಹೆಚ್ಚಾಗಿ ಇರುವುದು ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್‌ಗಳ ಸುತ್ತ, ಕುಣಿಗಲ್ ಸ್ಟಡ್ ಫಾರ್ಮ್ ಕಡೆ. ಸೇನೆಯ ಅಶ್ವದಳದಲ್ಲಿ ತರಬೇತಾಗಿ ನಿವೃತ್ತರಾದವರು ಸಿಕ್ಕರೆ ಬಿಡಬೇಡಿ. ಒಂದು ಕುದುರೆಗಾಗಿ ಅಷ್ಟು ದೂರದಿಂದ ಬರುವುದು ಕಷ್ಟ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಮೆರವಣಿಗೆ ಕುದುರೆಯವರು ಎಂಟು ಹತ್ತು ಜನ ಸೇರಿ ಆರು ವಾರಕ್ಕೊಮ್ಮೆ ಒಬ್ಬರನ್ನು ಕರೆಸಿಕೊಂಡರೆ ಎಲ್ಲರ ಕುದುರೆಗೂ ಒಳ್ಳೆಯದು. ಬರುವ ಮೊದಲೇ ಅವರಿಗೆ ಫೋಟೊ ಕಳಿಸಿ. ಷಹಾಬಾದ್ ಕಲ್ಲು ಹಾಸಿದಂಥ ಸಮ ನೆಲದಲ್ಲಿ ನಿಲ್ಲಿಸಿ, ಫೋನನ್ನು ನೆಲಕ್ಕೇ ಇಟ್ಟು ಪ್ರತಿ ಗೊರಸಿನ ಪಕ್ಕ, ಮುಂದೆ, ಹಿಂದೆ, ಆಮೇಲೆ ಕೆರೆದ ಅಂಗಾಲು. ಮೆತ್ತೆ ನೆಲದ ಮೇಲೆ ಐದಾರು ಹೆಜ್ಜೆಯ ವಿಡಿಯೊ ಸಾಕು. ನಾಲಬಂದ ಹೇಗೆಂದು ತಿಳಿಯಲು ಇದನ್ನು ಗಮನಿಸಿ: ಕಾಲು ಎತ್ತುವ ಮೊದಲು ಕುದುರೆ ನಿಂತ ಬಗೆಯನ್ನು ನೋಡುತ್ತಾನೋ ಇಲ್ಲವೋ. ಲಾಳದ ಅಳತೆಗೆ ಗೊರಸನ್ನು ಅರದಿಂದ ಉಜ್ಜುವವನು ಬೇಡ, ಗೊರಸಿನ ಅಳತೆಗೆ ಲಾಳ ಬಗ್ಗಿಸುವವನು ಬೇಕು. ಈ ಕುದುರೆಯ ಕಾಲನ್ನು ಅವನು ತಗ್ಗಿನಲ್ಲಿಯೇ, ಕಡಿಮೆ ಹೊತ್ತು ಹಿಡಿಯಬೇಕು. ಒಂದು ಕಾಲೆತ್ತಿದರೆ ಪೂರ್ತಿ ಭಾರ ಇನ್ನೊಂದು ನೋವಿನ ಕಾಲಿಗೆ ಬೀಳುತ್ತದೆ. ಇನ್ನೊಂದು ಕಾಲಿಗೆ ಮೆತ್ತೆ ಕಟ್ಟಿಯೇ ಇರಲಿ.

ಮಾಡಬೇಕಾದ ಕತ್ತರಿಕೆ ಹೇಳಲು ಸುಲಭ: ಉದ್ದವಾದ ಮೂತಿಯನ್ನು ಹಿಂದಕ್ಕೆ ತರುವುದು, ಹಿಮ್ಮಡಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಮೂಳೆಯ ತಳವನ್ನು ನೆಲಕ್ಕೆ ಸಮ ತರುವುದು, ಅಂಗಾಲನ್ನು ಮುಟ್ಟದಿರುವುದು. ಹಿಮ್ಮಡಿಯನ್ನು ಒಂದೇ ದಿನ ಇಳಿಸಿದರೆ ಹಿಂದಿನ ಸ್ನಾಯುರಜ್ಜು ಬಿಗಿದು ಮೂಳೆಯನ್ನು ಮತ್ತೆ ಎಳೆಯುತ್ತದೆ. ಅದಕ್ಕೇ ನಾಲ್ಕರಿಂದ ಆರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ.

ವಿಶೇಷ ಲಾಳ ಬೇಕೇ? ನನ್ನ ಅಭಿಪ್ರಾಯದಲ್ಲಿ ಮೊದಲ ಎರಡು ಮೂರು ತಿಂಗಳು ಲಾಳವೇ ಬೇಡ, ಮೆತ್ತೆ ಅಥವಾ ಮೆತ್ತೆಯಿಟ್ಟ ರಬ್ಬರ್ ಬೂಟು ಸಾಕು. ಮೊಳೆ ಬಡಿಯುವ ಪ್ರತಿ ಸುತ್ತಿಗೆ ಪೆಟ್ಟೂ ಹರಿದ ಹೆಣಿಗೆಗೆ ಬೀಳುತ್ತದೆ. ಮಾಮೂಲಿ ಲಾಳವಂತೂ ಭಾರವನ್ನೆಲ್ಲ ಗೋಡೆಗೇ ಹಾಕುತ್ತದೆ, ಬಿಚ್ಚಿಕೊಂಡಿರುವುದೂ ಅದೇ ಗೋಡೆ. ಆಮೇಲೆ ಕುದುರೆ ಸುಧಾರಿಸದಿದ್ದರೆ ಪುತಲಿಗೆ ಆಸರೆ ಕೊಡುವ ಹಾರ್ಟ್ ಬಾರ್ ಲಾಳ, ತಿರುಗಿಸಿ ಹಾಕುವ ಲಾಳ, ಸ್ಕ್ರೂ ಹಾಗೂ ಅಂಟಿನಿಂದ ಕೂರಿಸುವ ಮರದ ಪಾದುಕೆ ಇವೆ. ಹಾರ್ಟ್ ಬಾರ್ ಸರಿಯಾಗಿ ಕೂತರೆ ಬಹಳ ಉಪಕಾರಿ. ಅದರ ತುದಿ ಕೆಲವೇ ಮಿಲಿಮೀಟರ್ ಮುಂದೆ ಹೋದರೂ ಮೂಳೆಯ ಮೂತಿಯನ್ನೇ ಕೆಳಗಿನಿಂದ ಒತ್ತಿ ರಕ್ತ ನಿಲ್ಲಿಸುತ್ತದೆ. ಎಕ್ಸ್‌ರೇ ನೋಡದೆ ಯಾರಾದರೂ ಹಾಕುತ್ತೇನೆಂದರೆ ಒಪ್ಪಬೇಡಿ. ಮೂಳೆ ಬಹಳ ವಾಲಿ ಯಾವುದಕ್ಕೂ ಬಗ್ಗದಿದ್ದರೆ ಹಿಂದಿನ ಸ್ನಾಯುರಜ್ಜು ಕತ್ತರಿಸುವ ಶಸ್ತ್ರಚಿಕಿತ್ಸೆ ಇದೆ. ಅದು ನೋವು ತಗ್ಗಿಸುತ್ತದೆ, ಆದರೆ ಕುದುರೆ ಮತ್ತೆ ಸವಾರಿಗೆ ಬರುವುದು ಅಪರೂಪ.

ನಡುವೆ ಒಂದು ದಿನ ಒಂದೇ ಕಾಲನ್ನು ಊರದೆ ನಿಂತರೆ ಗಾಬರಿ ಬೇಡ. ಸತ್ತ ಪದರಗಳಲ್ಲಿ ಕೀವು ಕಟ್ಟುವುದು ಈ ರೋಗದ ಹಿಂದೆಯೇ ಬರುತ್ತದೆ. ವೈದ್ಯರು ಗೋಡೆಯೂ ಅಂಗಾಲೂ ಕೂಡುವ ಬಿಳಿಗೆರೆಯಲ್ಲಿ ಐದಾರು ಮಿಲಿಮೀಟರಿನ ಸಣ್ಣ ತೂತು ಮಾಡಿದರೆ ಕೀವು ಹರಿದು ಅವತ್ತೇ ನೋವಿಳಿಯುತ್ತದೆ. ಆಮೇಲೆ ಎಪ್ಸಮ್ ಉಪ್ಪಿನ ಬೆಚ್ಚನೆ ನೀರಿನಲ್ಲಿ 15 ನಿಮಿಷ ಅದ್ದಿ, ಒಣಗಿಸಿ, ಹತ್ತಿ ಇಟ್ಟು ಮಗುವಿನ ಡೈಪರ್ ಸುತ್ತಿ ಟೇಪು ಹಾಕಿ. ಎರಡು ಮೂರು ದಿನ ಹೀಗೆ ಮಾಡಿ. ಅದಕ್ಕೂ ಹೆಚ್ಚು ನೆನೆಸಿದರೆ ಅಂಗಾಲು ಮೆದುವಾಗುತ್ತದೆ.

ಇದನ್ನೂ ಹೇಳಬೇಕು, ಹೇಳಲು ಸಂಕಟವಾದರೂ. ಪುತಲಿಯ ತುದಿಯ ಮುಂದೆ ಅಂಗಾಲಿನಲ್ಲಿ ಅರ್ಧಚಂದ್ರಾಕಾರದ ಉಬ್ಬು ಅಥವಾ ಸೀಳು ಕಂಡರೆ ಮೂಳೆ ಹೊರಬೀಳುವ ಹಂತದಲ್ಲಿದೆ. ಕೂದಲಂಚಿನ ಸುತ್ತ ಬೆರಳು ಹೋಗುವಷ್ಟು ತಗ್ಗಾದರೆ ಇಡೀ ಮೂಳೆ ಕುಸಿದಿದೆ. ಇಂಥ ಕೆಲವು ಕುದುರೆಗಳು ತಿಂಗಳುಗಟ್ಟಲೆ ಆರೈಕೆಯಿಂದ ಬದುಕಿವೆ. ಔಷಧ ಕೊಟ್ಟರೂ ಮೇವು ಬಿಟ್ಟು, ಮಗ್ಗುಲು ಹುಣ್ಣಾಗಿ, ಏಳಲಾರದೆ ಬಿದ್ದಿರುವ ಕುದುರೆಗೆ ವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡಿಸುವುದೂ ಒಂದು ದಾರಿ. ಅದನ್ನು ಕೇಳಲು ಸಂಕೋಚ ಬೇಡ.

ನೀವು ಬರೆದದ್ದನ್ನು ನೋಡಿದರೆ ನಿಮ್ಮ ಕುದುರೆ ಎದ್ದು ತಿರುಗುವ ಸ್ಥಿತಿಯಲ್ಲಿದೆ, ಆಸೆ ಬಿಡಬೇಕಿಲ್ಲ. ಆದರೆ ಮುಂದಿನ ಸೀಸನ್ನಿಗೆ ಕಳಿಸಲಾಗದು. ಒಳಗೆ ಹರಿದ ಗೋಡೆ ಮತ್ತೆ ಅಂಟುವುದಿಲ್ಲ, ಮೇಲಿನಿಂದ ಹೊಸ ಗೋಡೆ ಬಿಗಿಯಾಗಿ ಇಳಿದು ಬರಬೇಕು. ಮೂತಿಯಲ್ಲಿ ಅದು ನೆಲ ಮುಟ್ಟಲು 9ರಿಂದ 12 ತಿಂಗಳು. ಅದಾದ ಮೇಲೂ ನೋವಿನ ಔಷಧವಿಲ್ಲದೆ ಎರಡು ವಾರ ಗಟ್ಟಿ ನೆಲದಲ್ಲಿ ಸರಾಗ ನಡೆದು, ಎರಡೂ ಕಡೆ ತಿರುಗಿದರೆ ಮಾತ್ರ ಹಗುರ ಸವಾರಿ. ಕುಣಿತ ಇನ್ನು ಬೇಡ.

ಇವತ್ತೇ ಅರದ ಅಂಚಿನಿಂದ ಎರಡೂ ಮುಂಗೊರಸಿನ ಮೇಲೆ, ಕೂದಲಂಚಿನ ಒಂದು ಬೆರಳು ಕೆಳಗೆ, ಉಗುರು ಗೀರಿದಷ್ಟು ತೆಳ್ಳನೆ ಗೆರೆ ಎಳೆದು ತಾರೀಖು ಬರೆದಿಡಿ. ತಿಂಗಳಿಗೊಮ್ಮೆ ಪಕ್ಕದಿಂದ ನೋಡಿ. ಗೆರೆಯ ಮೇಲೆ ಹುಟ್ಟಿದ ಗೋಡೆ ಕೆಳಗಿನದಕ್ಕಿಂತ ಕಡಿದಾಗಿ, ನೇರವಾಗಿ ಇಳಿಯುತ್ತಿದ್ದರೆ ಕತ್ತರಿಕೆ, ಮೇವು ಎರಡೂ ಸರಿ ನಡೆದಿವೆ. ಅಲ್ಲಿಯೂ ಹೊಸ ಬಳೆ ಎದ್ದರೆ ಗ್ವಾದಲಿಗೆ ಯಾರು ಏನು ಹಾಕುತ್ತಿದ್ದಾರೆ ಎಂದು ಮನೆಯಲ್ಲಿ ವಿಚಾರಿಸಿ, ವೈದ್ಯರಿಗೆ ಹೇಳಿ ಇನ್ಸುಲಿನ್ ಪರೀಕ್ಷೆಗೆ ರಕ್ತ ಕಳಿಸಿ.